ವಲ್ಲಿಯ ಕೆಳಗೆ ಮೂರು ಬೆರಳು

ಹೋದ ತಿಂಗಳು ಮೊಮ್ಮಗನ ಹೆಂಡತಿಯನ್ನು ಮನೆ ತುಂಬಿಸಿಕೊಂಡೆವು. ಬಾಗಿಲಲ್ಲಿ ಹೆಂಗಸರು ಆರತಿ ಎತ್ತಿ, ತಟ್ಟೆಯ ಕೆಂಪು ನೀರನ್ನು ಮೂಲೆಗೆ ಚೆಲ್ಲುವಾಗ ನಾಲ್ಕು ಹನಿ ನನ್ನ ವಲ್ಲಿಯ ಮೇಲೆ ಸಿಡಿಯಿತು. ವಲ್ಲಿ ಎಂದರೆ ಹೆಗಲ ಮೇಲೆ ಹಾಕಿಕೊಳ್ಳುವ ಬಿಳಿ ವಸ್ತ್ರ. ಈ ವಯಸ್ಸಿನಲ್ಲೂ ಅದಿಲ್ಲದೆ ನಾನು ಹೊಸಿಲು ದಾಟುವುದಿಲ್ಲ. ಸೊಸೆ, “ಅಯ್ಯೋ ಮಾವ, ಕಲೆ ಹಿಡಿಯುತ್ತೆ, ಕೊಡಿ ನೆನೆಸ್ತೀನಿ” ಎಂದು ಕೈ ಚಾಚಿದಳು. ಕೊಡಲಿಲ್ಲ. ಮೂಗಿನ ಹತ್ತಿರ ಹಿಡಿದುಕೊಂಡೆ. ಮೊದಲು ಅರಿಶಿನದ ಘಾಟು, ಅದರ ಬೆನ್ನಿಗೇ ಸುಣ್ಣದ ಚುರುಕು ವಾಸನೆ... ಮನೆ ತುಂಬ ನೆಂಟರು ಗಲಗಲ ಅನ್ನುತ್ತಿದ್ದರು. ನಾನು ಮಾತ್ರ ತುಂಗೆಯ ಸೇತುವೆ ದಾಟಿ, ಭದ್ರಾವತಿ ದಾರಿಯ ಅರ್ಧದಲ್ಲಿದ್ದ, ಸರಕಿನ ಗಾಡಿ ತಡೆದು ನೋಡುವ ನಾಕಾದ ಮುಂದೆ ನಿಂತಿದ್ದೆ. ಎದುರಿಗೆ ತಪಾಸಣೆ ರಾಯರು. ಅವರ ಕೈಯಲ್ಲಿ ಒಂದು ಹಿತ್ತಾಳೆ ಚೊಂಬು.

ಅವರ ಹೆಸರು ನನಗೆ ಗೊತ್ತು. ಆದರೆ ಶಿವಮೊಗ್ಗದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ, ನಾನೂ ಕರೆಯುವುದಿಲ್ಲ. ಸರ್ಕಾರಿ ನೌಕರರ ಲಂಚದ ತಕರಾರುಗಳನ್ನು ವಿಚಾರಿಸಲು ಬಂದ ಅಧಿಕಾರಿ. ಊರಿನ ಬಾಯಲ್ಲಿ ತಪಾಸಣೆ ರಾಯರಾದರು. ಮುಚ್ಚುಕೋಟು, ತಲೆಗೆ ರುಮಾಲು, ಕಿರುಗುಟ್ಟುವ ಒಂದು ಸೈಕಲ್ಲು. ಆ ಸೈಕಲ್ಲಿನ ಸದ್ದು ಕೇಳಿದರೆ ಕಚೇರಿಯ ಗುಮಾಸ್ತರು ಮೇಜಿನ ಡ್ರಾಯರು ಮುಚ್ಚುತ್ತಾರೆ ಎಂದು ಜನ ನಗುತ್ತಿದ್ದರು. ಎಣ್ಣೆ ಹಾಕಿಸಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಹೇಳಿ ಬರೋನು ಮರ್ಯಾದಸ್ಥ ಕಣಯ್ಯಾ. ಮುಚ್ಚಿಕೊಳ್ಳೋರು ಮುಚ್ಚಿಕೊಳ್ಳಲಿ, ಅಷ್ಟು ಹೊತ್ತಾದರೂ ತಗೊಳ್ಳೋದು ನಿಲ್ಲುತ್ತಲ್ಲ” ಎಂದಿದ್ದರು.

ಆಗ ಎರಡನೆಯ ಮಹಾಯುದ್ಧದ ಕಾಲ. ನನಗೆ ಮೂವತ್ತು ದಾಟಿತ್ತು. ನಾನು ಎತ್ತಿನ ದಲ್ಲಾಳಿ. ಅಪ್ಪ ಬಿಟ್ಟು ಹೋದದ್ದು ಒಂದು ಕುಂಟೆತ್ತು ಮಾತ್ರ. ಅದನ್ನು ಕೊಟ್ಟು ಕರು ತಂದು, ಕರು ಬೆಳೆಸಿ ಜೋಡಿ ಮಾಡಿ, ಜೋಡಿ ಕೊಟ್ಟು ಗಾಡಿ ತಂದು, ಆಲ್ಕೊಳದ ಕಡೆ ನಾಲ್ಕು ಗಾಡಿ ನಿಲ್ಲುವ ಕೊಟ್ಟಿಗೆ ಕಟ್ಟಿದ್ದೆ. ಸಂತೆಯ ದಿನ ದಲ್ಲಾಳಿ ಕೆಲಸ, ಉಳಿದ ದಿನ ಬಾಡಿಗೆ ಗಾಡಿ. ವ್ಯಾಪಾರಕ್ಕೆ ಇಳಿಯುವ ಹುಡುಗರು ಈಗಲೂ ನನ್ನ ಹತ್ತಿರ ಬರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಸಾಲ ತಂದು ದೊಡ್ಡದಾಗಿ ಶುರುಮಾಡಬೇಡಿ, ಕೈಯಲ್ಲಿರುವ ಕುಂಟೆತ್ತಿನಿಂದ ಶುರುಮಾಡಿ.

ಎತ್ತಿನ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಕುಲುಕುವ ಹಾಗೆ ಕೈ ಚಾಚುತ್ತಾರೆ, ಅದರ ಮೇಲೆ ವಲ್ಲಿ ಮುಚ್ಚುತ್ತೇವೆ. ಒಳಗೆ ಬೆರಳುಗಳು ಮಾತಾಡುತ್ತವೆ. ಒಂದು ಬೆರಳು ಹಿಡಿದರೆ ಒಂದು, ಮೂರು ಹಿಡಿದರೆ ಮೂರು, ಐದೂ ಹಿಡಿದರೆ ಐದು. ಹತ್ತರ ಲೆಕ್ಕವೋ ನೂರರ ಲೆಕ್ಕವೋ ಎಂಬುದು ಎತ್ತು ನೋಡಿದವರಿಗೆ ಗೊತ್ತೇ ಇರುತ್ತದೆ. ಒಬ್ಬ ಹಿಡಿದು ಕೇಳುತ್ತಾನೆ. ಇನ್ನೊಬ್ಬ ಒಪ್ಪಿದರೆ ಅವನ ಅಷ್ಟೇ ಬೆರಳನ್ನು ತಿರುಗಿಸಿ ಹಿಡಿಯಬೇಕು. ತಿರುಗಿಸಿ ಹಿಡಿದರೆ ಮುಗಿಯಿತು, ಒಪ್ಪಂದವಾಯಿತು. ಸುತ್ತ ಹತ್ತು ಜನ ನಿಂತಿದ್ದರೂ ಯಾರಿಗೂ ಬೆಲೆ ತಿಳಿಯುವುದಿಲ್ಲ. ಇದಕ್ಕೆ ಒಂದೇ ಕಟ್ಟಳೆ: ವಲ್ಲಿಯ ಕೆಳಗೆ ಆದ ಮಾತನ್ನು ದಲ್ಲಾಳಿ ಹೆಂಡತಿಯ ಹತ್ತಿರವೂ ಹೇಳಬಾರದು. ಒಂದು ಸಲ ಹೇಳಿದನೆಂದು ಗೊತ್ತಾದರೆ ಅವನ ವಲ್ಲಿಯ ಕೆಳಗೆ ಮತ್ತೆ ಯಾರೂ ಕೈ ಇಡುವುದಿಲ್ಲ. ಅವನು ಸಂತೆಗೆ ಬಂದು ಕಡಲೆಕಾಯಿ ತಿಂದುಕೊಂಡು ಹೋಗಬೇಕಷ್ಟೆ.

ಈ ಬೆರಳ ಭಾಷೆಯನ್ನು ಕಲಿತಿದ್ದ ಇನ್ನೊಬ್ಬನಿದ್ದ, ಆ ನಾಕಾದ ಅಧಿಕಾರಿ ನಾಕೇದಾರ. ಯುದ್ಧದಿಂದಾಗಿ ಅಕ್ಕಿಗೆ ಕಂಟ್ರೋಲು ಬಂದಿತ್ತು. ಇವತ್ತು ಗಾಂಧಿ ಬಜಾರ್ ಅನ್ನುವ ಕಡೆಯ ಮಂಡಿಗಳಲ್ಲಿ ಅಕ್ಕಿ ತುಂಬಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೂಲಿ ಲೈನುಗಳ ರೇಷನ್ ಡಿಪೋಗೆ ಮುಟ್ಟಿಸುವುದು ನಮ್ಮ ಗಾಡಿಗಳ ಕೆಲಸ. ಒಂದು ಗಾಡಿಗೆ ಹತ್ತು ಚೀಲ, ಅದಕ್ಕೊಂದು ಪರ್ಮಿಟ್ಟು. ದಾರಿಯ ನಾಕಾದಲ್ಲಿ ಅದನ್ನು ತೋರಿಸಿ, ಹಿಂಬದಿಯಲ್ಲಿ ಬರೆಸಿಕೊಂಡು, ಮೊಹರು ಹಾಕಿಸಿಕೊಂಡು ಮುಂದೆ ಹೋಗಬೇಕು. ನಾಕೇದಾರ ಬಾಯಿಬಿಟ್ಟು ಏನನ್ನೂ ಕೇಳುತ್ತಿರಲಿಲ್ಲ. “ಏನ್ ಮಾರಾಯಾ, ಎತ್ತು ಚೆನ್ನಾಗಿದಾವಲ್ಲ, ಕೊಡ್ತೀಯಾ?” ಎಂದು ಗಟ್ಟಿಯಾಗಿ ನಗುತ್ತ ಕೈ ಚಾಚುತ್ತಿದ್ದ. ವಲ್ಲಿ ಮುಚ್ಚಬೇಕು. ಒಳಗೆ ಎರಡು ಬೆರಳು ಹಿಡಿದರೆ ಎರಡು ಚೀಲ, ಮೂರು ಹಿಡಿದರೆ ಮೂರು. ಅಷ್ಟನ್ನು ನಾಕಾದ ಹಿಂದಿನ ಶೆಡ್ಡಿನಲ್ಲಿ ಇಳಿಸಿ ಹೋಗಬೇಕು. ಆಗದು ಎಂದರೆ ಗಾಡಿ ಎರಡು ದಿನ ಅಲ್ಲೇ, ಎತ್ತಿಗೆ ಹುಲ್ಲಿಲ್ಲ, ಆಳಿಗೆ ಊಟವಿಲ್ಲ. ನೋಡಿದವರಿಗೆ ಎತ್ತಿನ ವ್ಯಾಪಾರ. ನಾವು ಅದಕ್ಕೆ ಮಾಮೂಲು ಎನ್ನುತ್ತಿದ್ದೆವು. ಆ ಪದವೇ ಮೋಸದ್ದು. ದಿನವೂ ಆಗುವುದು ಎಂದು ಹೆಸರಿಟ್ಟ ಮೇಲೆ ಯಾಕೆ ಎಂದು ಯಾರು ಕೇಳುತ್ತಾರೆ?

ರಾಯರು ಒಂದು ಬೆಳಿಗ್ಗೆ ನನ್ನ ಕೊಟ್ಟಿಗೆಗೆ ಬಂದರು. ಸೈಕಲ್ಲನ್ನು ಗಾಡಿಯ ಮೂಕಿಗೆ ಒರಗಿಸಿ, ನೇರವಾಗಿ, “ನನಗೆ ಬೆರಳು ಕಲಿಸಬೇಕು” ಎಂದರು.

ನಾನು ವ್ಯಾಪಾರಿ. ಬಂದವರು ಅವಸರದಲ್ಲಿದ್ದಾರೆ ಎಂದು ತಿಳಿದ ಮೇಲೆ ಸುಮ್ಮನೆ ಬಿಟ್ಟೇನೇ? “ಕಲಿಸೋಣ ಸ್ವಾಮಿ. ನನ್ನ ನಾಲ್ಕು ಗಾಡಿನ ಯಾವ ನಾಕಾದಲ್ಲೂ ತಡೀದ ಹಾಗೆ ಒಂದು ಮಾತು ಹೇಳ್ಬಿಡಿ, ಅಷ್ಟು ಸಾಕು” ಎಂದೆ.

ರಾಯರು ನಗಲಿಲ್ಲ. “ಅದೂ ಲಂಚಾನೇ ಅಲ್ವೇನಯ್ಯಾ? ಲಂಚ ಹಿಡಿಯೋ ವಿದ್ಯೆಗೆ ಲಂಚ ಕೊಟ್ಟು ಕಲೀಲಾ?”

“ಹಾಗಾದ್ರೆ ಏನ್ ಕೊಡ್ತೀರಿ? ಪುಕ್ಕಟೆ ಕಲಿಸಿದ ವಿದ್ಯೆ ಕೈಗೆ ಹತ್ತಲ್ಲ.”

ಅವರು ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿ, “ನಿನಗೆ ಓದೋಕೆ ಬರುತ್ತಾ?” ಎಂದರು. ರುಜು ಹಾಕಲು ಬರುತ್ತದೆ ಎಂದೆ. “ಸರಿ. ನೀನು ನನಗೆ ಬೆರಳು ಕಲಿಸು, ನಾನು ನಿನಗೆ ಅಕ್ಷರ ಕಲಿಸ್ತೀನಿ. ಇದು ನ್ಯಾಯವಾದ ವ್ಯಾಪಾರ. ಒಪ್ಪಿಗೆಯಾದರೆ ವಲ್ಲಿ ಹಾಕು.”

ಒಪ್ಪಿದೆ. ಮನಸ್ಸಿನಲ್ಲಿ ಮಾತ್ರ ಮೋಸ ಹೋದೆ ಎಂದುಕೊಂಡೆ. ನಾನು ಜೀವನದಲ್ಲಿ ಮಾಡಿದ ಎಲ್ಲ ವ್ಯಾಪಾರಗಳಲ್ಲಿ ಅಷ್ಟು ಲಾಭ ತಂದದ್ದು ಇನ್ನೊಂದಿಲ್ಲ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಹೀಗೆ ನಮ್ಮ ಪಾಠ ನಡೆಯಿತು. ಕೊಟ್ಟಿಗೆಯ ಜಗಲಿಯ ಮೇಲೆ ಕೂತು ಅವರು ನನ್ನ ಬೆರಳು ಹಿಡಿಯುವುದು, ನಾನು ಅವರ ಸ್ಲೇಟು ಹಿಡಿಯುವುದು. ಅವರಿಗೆ ಬೆರಳು ಬೇಗ ಬಂತು. ನನಗೆ ಒತ್ತಕ್ಷರ ಬಹಳ ಸತಾಯಿಸಿತು. “ಎತ್ತು ಅನ್ನೋದಕ್ಕೇ ಒತ್ತು ಕೊಡಲ್ವಲ್ಲಯ್ಯಾ! ಒತ್ತು ಬಿಟ್ಟರೆ ನಿನ್ನ ಎತ್ತು ಓಡಿಹೋಗುತ್ತೆ” ಎಂದು ಕೀಟಲೆ ಮಾಡುವರು. ನನ್ನ ಹೆಂಡತಿ ಒಳಗಿನಿಂದಲೇ, “ಎಂಟು ಎತ್ತು ಸಾಕಿದೋರಿಗೆ ಒಂದು ಎತ್ತು ಬರೆಯೋಕೆ ಬರಲ್ಲ” ಎಂದು ಸೇರಿಸುವಳು. ಒಮ್ಮೆ ಅವರ ಬೆರಳು ಹಿಡಿದಾಗ ನಡುಬೆರಳ ಪಕ್ಕದಲ್ಲಿ ಗಟ್ಟಿಯಾದ ಒಂದು ಗಂಟು ಸಿಕ್ಕಿತು. ಏನಿದು ಎಂದೆ. “ಲೇಖಣಿ ಗಂಟು. ಇಪ್ಪತ್ತು ವರ್ಷ ಬರೆದದ್ದಕ್ಕೆ ಸರ್ಕಾರ ಕೊಟ್ಟ ಇನಾಮು” ಎಂದರು. ಆಗ ನಾನು ನಕ್ಕು ಸುಮ್ಮನಾದೆ. ದಲ್ಲಾಳಿಯಾಗಿ ಆ ಗಂಟನ್ನು ಹಾಗೆ ಹಗುರವಾಗಿ ಬಿಟ್ಟದ್ದು ನನ್ನ ತಪ್ಪು. ಅದನ್ನು ಇಂದಿಗೂ ಒಪ್ಪಿಕೊಳ್ಳುತ್ತೇನೆ.

ಯಾಕೆಂದರೆ ರಾಯರು ಸಿಕ್ಕಿಬಿದ್ದದ್ದೇ ಅದರಿಂದ. ಎರಡು ದಿನ ಗಡ್ಡ ಬಿಟ್ಟು, ಮೊಳಕಾಲ ಮೇಲೆ ಪಂಚೆ ಕಟ್ಟಿ, ಯಾರದೋ ಗಾಡಿಯಲ್ಲಿ ಅಕ್ಕಿ ಹೇರಿಕೊಂಡು ತಾವೇ ನಾಕಾಕ್ಕೆ ಹೋದರು. ನಾಕೇದಾರ ಬೆರಳು ಹಿಡಿದು ಕೇಳಿದರೆ ಅಲ್ಲೇ ಹಿಡಿಯುವ ಯೋಚನೆ. ನಾಕೇದಾರ ನಗುತ್ತ ಬಂದ, ವಲ್ಲಿಯ ಕೆಳಗೆ ಕೈ ಇಟ್ಟ. ಅರೆಗಳಿಗೆ ತಡವಿದ. ಆಮೇಲೆ ಬಿಸಿ ತಾಕಿದವನಂತೆ ಕೈ ಎಳೆದುಕೊಂಡು, ಸುತ್ತಲಿನ ಗಾಡಿಯವರಿಗೆಲ್ಲ ಕೇಳುವಂತೆ, “ಏನ್ ಸ್ವಾಮಿ, ಎತ್ತು ಹೊಡೆಯೋ ಕೈಯಲ್ಲಿ ಲೇಖಣಿ ಗಂಟು? ಬಾರುಕೋಲಲ್ಲಿ ಬರೀತೀರೋ, ಲೇಖಣೀಲಿ ಎತ್ತು ಹೊಡೀತೀರೋ?” ಎಂದ.

ಮಾರನೆಯ ದಿನ ಮಂಡಿಯಲ್ಲೆಲ್ಲ ಇದೇ ಮಾತು. ಹಮಾಲರು ಸಹ ನಡುಬೆರಳು ತೋರಿಸಿ ನಗುತ್ತಿದ್ದರು. ನಾಕೇದಾರ ಅಷ್ಟಕ್ಕೇ ಬಿಡಲಿಲ್ಲ. ಅಧಿಕಾರಿಯೊಬ್ಬರು ವೇಷ ಹಾಕಿಕೊಂಡು ತನ್ನ ಕೆಲಸಕ್ಕೆ ಅಡ್ಡಿ ಮಾಡಿದರೆಂದು ಮೇಲಕ್ಕೆ ಅರ್ಜಿ ಬರೆದ. ರಾಯರು ನನ್ನ ಜಗಲಿಗೆ ಬಂದು ಕೂತರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರು ತಲೆ ಬರಿದು ಮಾಡಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಅವನು ಇನ್ನು ಅಪರಿಚಿತರಿಗೆ ಕೈ ಕೊಡಲ್ಲ. ವರ್ಷದಿಂದ ಕೊಟ್ಟ ಕೈಗೇ ಕೊಡ್ತಾನೆ” ಎಂದರು. ಕೇಳಿದ್ದು ನನ್ನ ಕೈಯನ್ನು ಎಂದು ನನಗೆ ತಿಳಿಯಿತು.

“ಆಗಲ್ಲ ರಾಯರೇ” ಎಂದೆ. “ನಾನು ಸಾಕ್ಷಿ ಹೇಳಿದ ದಿನವೇ ನನ್ನ ವಲ್ಲಿ ಬರೀ ಮೈ ಒರೆಸೋ ಬಟ್ಟೆ ಆಗುತ್ತೆ. ನಾಲ್ಕು ಗಾಡಿ, ನಾಲ್ಕು ಆಳು, ನನ್ನ ಮಕ್ಕಳು. ನನ್ನ ಹತ್ತಿರ ಇರೋದು ಹೆಸರೊಂದೇ.”

ಬಲವಂತ ಮಾಡಲಿಲ್ಲ. “ಸ್ಲೇಟು ತಗೊಂಡು ಬಾ. ಪಾಠ ನಿಲ್ಲಿಸೋದು ಬೇಡ, ಅದು ಬೇರೆ ವ್ಯಾಪಾರ” ಎಂದರು.

ಅದಾಗಿ ವಾರವಿರಬೇಕು, ಎರಡು ವಾರವೋ... ನಾನೇ ಗಾಡಿ ಹೊಡೆದುಕೊಂಡು ಭದ್ರಾವತಿಗೆ ಹೋಗಿದ್ದೆ. ನಾಕಾದಲ್ಲಿ ಮೂರು ಬೆರಳು ಆಗಿ, ಮೂರು ಚೀಲ ಇಳಿದಿತ್ತು. ಡಿಪೋ ಮುಂದೆ ಹೆಂಗಸರ ಸಾಲು ರಸ್ತೆಯವರೆಗೆ ಬಂದಿತ್ತು. ನಾನು ಏಳು ಚೀಲ ಇಳಿಸುವುದನ್ನು ಅವರು ಬಾಯಲ್ಲೇ ಎಣಿಸುತ್ತಿದ್ದರು. ಎಂಟನೆಯದಕ್ಕೆ ಎಲ್ಲರೂ ಗಾಡಿಯತ್ತ ನೋಡಿದರು. ಗಾಡಿ ಬರಿದು. ಸಾಲಿನ ಕೊನೆಯಲ್ಲಿದ್ದವರು ಚೀಲ ಮಡಿಚಿಕೊಂಡು ಸುಮ್ಮನೆ ತಿರುಗಿದರು. ಕಾರ್ಖಾನೆಯ ಕೂಲಿಗೆ ತಮಿಳು ನಾಡಿನಿಂದ ಬಂದಿದ್ದ ಒಬ್ಬ ಹೆಂಗಸು ಮಾತ್ರ ತಿರುಗಲಿಲ್ಲ. ಸೊಂಟದಲ್ಲಿ ಕೂಸಿತ್ತು. ನೇರ ನನ್ನ ಎತ್ತುಗಳ ಹತ್ತಿರ ಬಂದು, ಅವುಗಳ ಬಾಯಿಗೆ ಬಗ್ಗಿ ನೋಡಿ, “ಅಣ್ಣಾ, ದಿನ ದಿನ ಮೂರು ಮೂಟೆ ಇದೇ ತಿನ್ನುತ್ತಾ? ಹೊಟ್ಟೆ ಮಾತ್ರ ನಿಂದು ದಪ್ಪ ಇದೆ” ಎಂದಳು.

ಸಾಲೆಲ್ಲ ನಕ್ಕಿತು. ನಾನು ಕಳ್ಳನಲ್ಲ ಎನ್ನಲು ಬಾಯಿ ತೆರೆದೆ. ಡಿಪೋದವನು ಅಡ್ಡ ಬಂದು, “ನಿನ್ನ ಕಾಗದವೇ ಹೇಳುತ್ತಲ್ಲಪ್ಪ, ಇನ್ನೇನ್ ಮಾತು?” ಎಂದು ಪರ್ಮಿಟ್ಟಿನ ಹಿಂಬದಿಯನ್ನು ನನ್ನ ಮುಂದೆ ಹಿಡಿದ.

ವರ್ಷದಿಂದ ಆ ಕಾಗದಗಳನ್ನು ನಾನೇ ಎದೆಯ ಜೇಬಿನಲ್ಲಿಟ್ಟುಕೊಂಡು ತರುತ್ತಿದ್ದೆ. ಹಿಂದೆ ಬರೆದದ್ದನ್ನು ಒಂದು ದಿನವೂ ಓದಿರಲಿಲ್ಲ; ಓದಲು ಬರುತ್ತಿರಲಿಲ್ಲ. ಅವತ್ತು ಓದಿದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿ ಅಲ್ಲಾಡಿಸುತ್ತ, ಬಿಸಿಲಲ್ಲಿ ನಿಂತು ಓದಿದೆ. ‘ಗಾಡಿಯವನು ಮೂರು ಚೀಲ ಕಡಿಮೆ ತಂದಿರುತ್ತಾನೆ.’ ಅದರ ಕೆಳಗೆ ನಾಕಾದ ಮೊಹರು.

ನನ್ನನ್ನು ಕಳ್ಳನೆಂದು ಹೇಳುವ ಕಾಗದವನ್ನು ನಾನೇ ಜೋಪಾನವಾಗಿ, ಬೆವರು ತಾಕದಂತೆ ಮಡಿಚಿ, ತಂದು ಕೊಡುತ್ತಿದ್ದೆ. ಹೆಸರು ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಆ ಹೆಸರು ಹೋಗಿ ಒಂದು ವರ್ಷವಾಗಿತ್ತು... ಇದನ್ನು ಓದುವ ಯಾರಿಗಾದರೂ ನನ್ನ ಒಂದು ಬುದ್ಧಿಮಾತು ಬೇಕಿದ್ದರೆ ಇಷ್ಟು ನೆನಪಿಡಿ. ಯಾವ ಕಾಗದವನ್ನೇ ಆಗಲಿ, ತಿರುಗಿಸಿ ಹಿಂಬದಿ ನೋಡದೆ ಜೇಬಿಗೆ ಹಾಕಬೇಡಿ.

ಊರಿಗೆ ಬಂದವನೇ ರಾಯರಿಗೆ ಹೇಳಿ ಕಳಿಸಿದೆ. “ಕೈ ಕೊಡ್ತೀನಿ. ಆದರೆ ವಲ್ಲಿ ಒಳಗಿನ ಮಾತು ನನ್ನ ಬಾಯಿಂದ ಬರೋದಿಲ್ಲ. ಬಾಯಿಲ್ಲದೆ ಹೇಗೆ ರುಜುವಾತು ಮಾಡ್ತೀರೋ ಅದು ನಿಮ್ಮ ಕೆಲಸ” ಎಂದೆ. ಇದು ಎಂಥ ಚೌಕಾಸಿ ಎಂದು ಅವರು ಬೈಯಬಹುದಿತ್ತು. ಗಲ್ಲ ಉಜ್ಜಿಕೊಳ್ಳುತ್ತ ಕೂತರು.

ಅವತ್ತೇ ನಾನು ಹೊಸ ಜೋಡಿ ಎತ್ತು ತಂದಿದ್ದೆ. ನನ್ನ ಹೆಂಡತಿ ಅವುಗಳ ಹಣೆಗೆ ಅರಿಶಿನ ಬಳಿದು, ದೃಷ್ಟಿ ತೆಗೆಯಲು ಆರತಿ ತಟ್ಟೆ ತಂದಳು. ತಟ್ಟೆಯಲ್ಲಿ ಅರಿಶಿನದ ನೀರು ಹಳದಿಯಾಗಿತ್ತು. ಎಲೆಯಡಿಕೆಯ ಡಬ್ಬಿಯಿಂದ ಚೂರು ಸುಣ್ಣ ತೆಗೆದು ಅದರಲ್ಲಿ ಕದಡಿದಳು. ನೀರು ಕೆಂಪಾಯಿತು. ಹುಟ್ಟಿದಂದಿನಿಂದ ಎಷ್ಟು ಆರತಿ ಎತ್ತಿಸಿಕೊಂಡಿದ್ದರೋ, ಉಪನಯನಕ್ಕೆ, ಮದುವೆಗೆ... ರಾಯರು ಇದೇ ಮೊದಲ ಸಲ ಕಂಡವರಂತೆ ಎದ್ದು ನಿಂತರು.

“ಇನ್ನೊಂದು ಸಲ ಮಾಡು ತಾಯೀ.”

“ಎತ್ತು ಎರಡೇ ಇರೋದು ಸ್ವಾಮಿ, ಒಂದೇ ಆರತಿ ಸಾಕು” ಎಂದಳು ಅವಳು.

“ಎತ್ತಿಗಲ್ಲಮ್ಮ. ಸುಣ್ಣದ ತಿಳಿನೀರು ಹಾಕಿದರೂ ಕೆಂಪಾಗುತ್ತಾ? ಬರೀ ನೀರಿನ ಹಾಗೆ ಕಾಣೋ ತಿಳಿ?”

ಅವಳು ಸುಣ್ಣದ ಮಡಕೆಯ ಮೇಲಿನ ತಿಳಿಯನ್ನು ಬಗ್ಗಿಸಿ ತಂದು ಅವರೆದುರಿಗೇ ಹೊಯ್ದಳು. ಕೆಂಪಾಯಿತು. ರಾಯರು ನನ್ನ ಬಲಗೈ ಹಿಡಿದು ಅಂಗೈ ಬಿಡಿಸಿದರು. ಎತ್ತಿನ ಹಣೆ ಒತ್ತಿ ಹಿಡಿದಿದ್ದರಿಂದ ಅದು ಹಳದಿಯಾಗಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೆಂಡತಿ ನಮ್ಮಿಬ್ಬರ ಮುಖವನ್ನೂ ನೋಡಿ, “ಗಂಡಸರಿಗೆ ಅರಿಶಿನ ಸುಣ್ಣ ಸೇರಿದ್ರೆ ಕೆಂಪು ಅಂತ ತಿಳಿಯೋಕೆ ಅರ್ಧ ಆಯಸ್ಸು ಬೇಕು” ಎಂದು ಒಳಗೆ ಹೋದಳು.

ಗೊತ್ತು ಮಾಡಿದ ದಿನ ಬೆಳಗಿನ ಬಿಸಿಲು ಚೆನ್ನಾಗಿ ಏರಿತ್ತು. ನಾಕಾದಿಂದ ಕೂಗಳತೆಯಲ್ಲಿ ಇದ್ದಿಲು ಬಸ್ಸೊಂದು ಕೆಟ್ಟು ನಿಂತಿತ್ತು. ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು; ಹೆಜ್ಜೆಗೊಂದು ಕಡೆ ನಿಂತು ಒಲೆ ಊದಿಸಿಕೊಳ್ಳುವುದು ಅವುಗಳ ಜಾಯಮಾನ, ಯಾರೂ ತಿರುಗಿ ನೋಡುತ್ತಿರಲಿಲ್ಲ. ಈ ಬಸ್ಸು ಕೆಡದೆಯೇ ಕೆಟ್ಟಿತ್ತು. ಒಳಗೆ ರಾಯರು, ಅವರ ಮೇಲಧಿಕಾರಿ, ಸಾಕ್ಷಿಗೆಂದು ಕರೆತಂದ ಒಬ್ಬ ಮೇಷ್ಟ್ರು ಮತ್ತು ಒಬ್ಬ ಅರ್ಚಕರು. ನನ್ನ ಗಾಡಿಯಲ್ಲಿ ಹತ್ತು ಚೀಲವಿರುವುದನ್ನು ಅವರು ಮೊದಲೇ ನೋಡಿಕೊಂಡಿದ್ದರು. ಹೊಸ ಎತ್ತುಗಳ ಹಣೆ ತುಂಬ ಅರಿಶಿನ. ನನ್ನ ಬಲ ಅಂಗೈಯಲ್ಲೂ ಅರಿಶಿನ. ಬೆರಳುಗಳಿಗೆ ತಾಕಿಸಬೇಡ, ಅಂಗೈಯಲ್ಲಿ ಮಾತ್ರ ಇರಲಿ ಎಂದು ರಾಯರು ಹತ್ತು ಸಲ ಹೇಳಿದ್ದರು.

ನಾಕೇದಾರ ಎಲೆ ಮಡಿಚಿ ದವಡೆಗಿಡುತ್ತ ಬಂದ. “ಓಹೋ, ಹೊಸ ಜೋಡಿ! ಪೂಜೆಗೀಜೆ ಜೋರಾಗಿದೆಯಲ್ಲ ಮಾರಾಯಾ. ಏನು ಬೆಲೆ?” ಕೈ ಚಾಚಿದ. ವಲ್ಲಿ ಹಾಕಿದೆ. ಅವನು ನನ್ನ ಮೂರು ಬೆರಳು ಹಿಡಿದ. ನಾನು ಅಭ್ಯಾಸದಂತೆ ತಲೆ ಅಲ್ಲಾಡಿಸಿದೆ. ಮತ್ತೆ ಮೂರೇ ಹಿಡಿದು ಅದುಮಿದ. ಒಪ್ಪಿದವನು ತಿರುಗಿಸಿ ಹಿಡಿಯಬೇಕಲ್ಲ... ಅವನ ಮೂರು ಬೆರಳನ್ನು ಬುಡದಿಂದ ನನ್ನ ಅಂಗೈಯೊಳಗೆ ತೆಗೆದುಕೊಂಡು, ನನ್ನ ಜೀವಮಾನದಲ್ಲಿ ಯಾವ ಎತ್ತಿಗೂ ಹಿಡಿಯದಷ್ಟು ಗಟ್ಟಿಯಾಗಿ ಹಿಡಿದೆ.

ಅವನು ಕೈ ಹೊರಗೆ ತೆಗೆದ. ಅವನ ತೋರುಬೆರಳ ತುದಿ ಕೆಂಪಾಗಿತ್ತು. ಎಲೆಗೆ ಹಚ್ಚಿದ ಸುಣ್ಣ ಆ ಬೆರಳಲ್ಲೇ ಉಳಿದಿತ್ತು. ಅದನ್ನು ನಾನೂ ಯೋಚಿಸಿರಲಿಲ್ಲ, ರಾಯರೂ ಯೋಚಿಸಿರಲಿಲ್ಲ. ಅವನು ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿದ. ನಾನು ಎತ್ತಿನ ಹಗ್ಗ ಬಿಗಿಯುವವನಂತೆ ಬಗ್ಗಿದೆ. ಎಲೆಯಡಿಕೆ ಹಾಕುವವನಿಗೆ ಕೆಂಪು ಬೆರಳು ಯಾವ ಹೊಸದು? ಹಳದಿ ಎತ್ತಿನ ಪೂಜೆಯದು, ಕೆಂಪು ಎಲೆಯ ರಸ ಎಂದುಕೊಂಡು ತುದಿಯನ್ನಷ್ಟೇ ಪಂಚೆಗೆ ಒರೆಸಿ, “ಇಳಿಸ್ರೋ” ಎಂದ.

ಮೂರು ಚೀಲ ಶೆಡ್ಡಿಗೆ ಹೋಯಿತು. ಪರ್ಮಿಟ್ಟಿನ ಹಿಂದೆ ಬರೆದು ಮೊಹರು ಒತ್ತಿ ಕೊಟ್ಟ. ಅವನೆದುರಿಗೇ ತಿರುಗಿಸಿ ಓದಿದೆ, ಗಟ್ಟಿಯಾಗಿ. “ಗಾಡಿಯವನು ಮೂರು ಚೀಲ ಕಡಿಮೆ ತಂದಿರುತ್ತಾನೆ.” ಅವನ ದವಡೆ ಆಡುವುದು ನಿಂತಿತು. ಆ ಹೊತ್ತಿಗೆ ಬಸ್ಸಿನಿಂದ ನಾಲ್ವರೂ ಇಳಿದು ಬಂದಿದ್ದರು.

ನಾಕೇದಾರ ಸಾಮಾನ್ಯದವನಲ್ಲ. ಒಂದು ಉಸಿರು ತೆಗೆದುಕೊಂಡು ತಿರುಗಿಬಿದ್ದ. “ಇವನೇ ಕಳ್ಳ ಸ್ವಾಮಿ! ಚೀಲ ತಾನೇ ಕದ್ದು ಶೆಡ್ಡಲ್ಲಿ ಬಚ್ಚಿಟ್ಟಿದಾನೆ. ಇವನ ಹತ್ತಿರ ನಾನು ಮಾತೂ ಆಡಿಲ್ಲ, ಇವನ ಕೈಯೂ ಮುಟ್ಟಿಲ್ಲ. ದೇವರಾಣೆ.”

ಮೇಲಧಿಕಾರಿ ನನ್ನತ್ತ ತಿರುಗಿದರು. “ಇವನು ಏನು ಕೇಳಿದ? ಹೇಳು.”

ಗಾಡಿಯವರೆಲ್ಲ ಸುತ್ತ ನೆರೆದಿದ್ದರು. ಅದರಲ್ಲಿ ಅರ್ಧ ಜನ ಸಂತೆಯಲ್ಲಿ ನನ್ನ ವಲ್ಲಿಯ ಕೆಳಗೆ ಕೈ ಇಡುವವರು. “ವಲ್ಲಿ ಒಳಗಿನ ಮಾತು ನಾನು ಹೇಳಲ್ಲ ಬುದ್ಧೀ” ಎಂದೆ. “ಅವರು ಮುಟ್ಟಿಲ್ಲ ಅಂತಾರಲ್ಲ, ಅವರ ಕೈನೇ ಕೇಳಿ.”

ರಾಯರು ಮುಂದೆ ಬಂದರು. ಕೈಯಲ್ಲಿ ಹಿತ್ತಾಳೆ ಚೊಂಬು. ನೆಂಟರ ಮನೆಯಲ್ಲಿ ಊಟಕ್ಕೆ ಮುಂಚೆ ಕರೆಯುವಂತೆ, ಮೆತ್ತಗೆ, “ಕೈ ತೊಳಕೊಳ್ಳಿ” ಎಂದರು. ನಾಕೇದಾರನಿಗೆ ಏನೂ ಹೊಳೆಯಲಿಲ್ಲ. ನೀರೇ ಅಲ್ಲವೇ ಎಂದು ಕೈ ಒಡ್ಡಿದ. ಸುಣ್ಣದ ತಿಳಿನೀರು ಬಿತ್ತು. ಮೂರು ಬೆರಳು ಬುಡದಿಂದ ತುದಿಯವರೆಗೆ ಕೆಂಪಾದವು, ಕೆಂಪು ನೀರು ಮಣಿಕಟ್ಟಿನಿಂದ ಧೂಳಿಗೆ ತೊಟ್ಟಿಕ್ಕಿತು. ಕಿರುಬೆರಳು ಬೆಳ್ಳಗೇ ಇತ್ತು. ರಾಯರು ಉಳಿದ ನೀರನ್ನು ನನ್ನ ಅಂಗೈಗೆ ಹೊಯ್ದರು. ಅದೂ ಕೆಂಪು.

ಹಿಂದಿನ ಗಾಡಿಯಿಂದ ಯಾರೋ, “ಸಾಹೇಬ್ರಿಗೆ ಆರತಿ ಆಯ್ತು ಕಣ್ರೋ, ಇನ್ನು ಒಳಗೆ ಕರ್ಕೊಳ್ಳಿ!” ಎಂದು ಕೂಗಿದ. ಅರ್ಚಕರೂ ಬಾಯಿ ಮುಚ್ಚಿಕೊಂಡು ನಕ್ಕರು. ಮೇಷ್ಟ್ರು ಮಾತ್ರ ನಗದೆ, ಎಷ್ಟು ಬೆರಳು ಎಂದು ಎಣಿಸಿ ಬರೆದುಕೊಂಡರು.

ನಾಕೇದಾರನನ್ನು ಅಮಾನತು ಮಾಡಿದರು, ವಿಚಾರಣೆ ನಡೆದು ಕೆಲಸವೂ ಹೋಯಿತು. ಆ ಹಳೆಯ ಕಾಗದಗಳನ್ನೆಲ್ಲ ತೆಗೆಸಿ, ‘ಕಡಿಮೆ ತಂದಿರುತ್ತಾನೆ’ ಎಂದು ಬರೆದ ಕಡೆಯಲ್ಲೆಲ್ಲ ರಾಯರು ಗೆರೆ ಎಳೆಸಿದರು. ನನ್ನ ಒಬ್ಬನದಲ್ಲ, ಎಲ್ಲ ಗಾಡಿಯವರದೂ. ಮುಂದಿನ ಸಲ ಭದ್ರಾವತಿಯ ಡಿಪೋ ಮುಂದೆ ಹತ್ತು ಚೀಲ ಇಳಿಸಿದೆ. ಕೂಸಿನ ಹೆಂಗಸು ಹತ್ತನೆಯದರವರೆಗೂ ಎಣಿಸಿ, “ಎತ್ತಿಗೆ ಹೊಟ್ಟೆ ಸರಿಯಾಯ್ತಾ ಅಣ್ಣಾ?” ಎಂದಳು. ಅವಳು ಕ್ಷಮೆ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಸಂತೆ ಮಾತ್ರ ಬಾಕಿ ಇತ್ತು. ಆ ವಾರ ಹೋಗಿ ನಿಂತೆ. ಜನ ಮಾತಾಡಿಸಿದರು, ಕೈ ಚಾಚಲಿಲ್ಲ. ಮಧ್ಯಾಹ್ನವಾಯಿತು. ಕಡಲೆಕಾಯಿಯವನು ಕೂಡ ನನ್ನ ಹತ್ತಿರ ಎರಡು ಸಲ ಬಂದು ಹೋದ. ಕೊನೆಗೆ ಸಂತೆಯ ಹಿರಿಯ ದಲ್ಲಾಳಿ, ಮುದುಕ ಸಾಬರು, ಗಡ್ಡ ನೀವುತ್ತ ಬಂದರು. ಎಲ್ಲರೂ ನೋಡುವ ಹಾಗೆ ನನ್ನ ಹೆಗಲಿನಿಂದ ವಲ್ಲಿ ಎಳೆದುಕೊಂಡು, ತಾವೇ ಕೈ ಮೇಲೆ ಹಾಸಿಕೊಂಡರು. “ಅರೇ, ಯಾಕೆ ದೂರ ನಿಂತಿದೀರಿ? ಇವನು ಬಾಯಿ ಬಿಟ್ಟಿಲ್ಲ. ಬಾಯಿ ಬಿಟ್ಟಿದ್ದು ನಾಕಾದವನ ಕೈ” ಎಂದರು. ಒಳಗೆ ನನ್ನ ಐದೂ ಬೆರಳು ಹಿಡಿದರು. ಅವತ್ತು ಅವರಿಗೆ ಯಾವ ಎತ್ತೂ ಬೇಕಿರಲಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.

ರಾಯರಿಗೆ ಕೆಲವು ತಿಂಗಳಲ್ಲಿ ವರ್ಗವಾಯಿತು. ಒಳ್ಳೆಯ ಕೆಲಸ ಮಾಡಿದ್ದಕ್ಕೋ, ಹೆಚ್ಚು ಮಾಡಿದ್ದಕ್ಕೋ... ಹೊರಡುವ ದಿನ ಸ್ಲೇಟನ್ನು ನನಗೇ ಬಿಟ್ಟರು. “ಕಾಗದ ಬರಿ. ಬರೆಸಬೇಡ, ಬರಿ” ಎಂದರು. ಬರೆದೆ. ಹತ್ತು ದಿನಕ್ಕೆ ಉತ್ತರ ಬಂತು ಎಂದು ಒಡೆದು ನೋಡಿದರೆ ನನ್ನದೇ ಕಾಗದ, ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ್ದರು. ಹಿಂಬದಿಯಲ್ಲಿ ಅವರ ನಾಲ್ಕು ಸಾಲು. ಹಿಂಬದಿ ನೋಡುತ್ತೇನೆಂದು ಅವರಿಗೆ ಗೊತ್ತಿತ್ತು. ಹೀಗೆ ವರ್ಷಗಟ್ಟಲೆ ನಡೆಯಿತು. ನನ್ನ ಕಾಗದಗಳಲ್ಲಿ ಕೆಂಪು ಕಡಿಮೆಯಾಗುತ್ತ ಬಂತು. ಒಂದು ಸಲ ಒಂದೇ ಒಂದು ಗುರುತಿತ್ತು. ಅದೂ ‘ಎತ್ತು’ ಬರೆದ ಕಡೆ ಒತ್ತಿನ ಕೆಳಗೆ ಒಂದು ಸಣ್ಣ ಗೆರೆ, ಸರಿ ಎಂದು.

ಕೊನೆಯ ಕಾಗದ ಬಂದಾಗ ವಿಳಾಸ ಬೇರೆ ಅಕ್ಷರದಲ್ಲಿತ್ತು. ಅವರ ಮಗಳು ಬರೆದಿದ್ದರು. ತಂದೆಯವರು ಹೋದ ವಾರ ತೀರಿಕೊಂಡರೆಂದೂ, ಈ ಕಾಗದ ಅವರ ಮೇಜಿನ ಮೇಲೆ ಲೇಖಣಿಯ ಪಕ್ಕದಲ್ಲಿತ್ತೆಂದೂ. ಮೊದಲ ಎರಡು ಸಾಲು ತಿದ್ದಿದ್ದರು. ಅಲ್ಲಿಂದ ಕೆಳಗೆ ನಾನು ಬರೆದದ್ದು ಬರೆದ ಹಾಗೇ ಇತ್ತು...

ಈಗ ನನ್ನ ನಡುಬೆರಳ ಪಕ್ಕದಲ್ಲೂ ಒಂದು ಗಂಟಾಗಿದೆ. ಎತ್ತು ಹೊಡೆದ ಕೈ ಎಂದು ಇನ್ನು ಯಾವ ನಾಕೇದಾರನೂ ನಂಬಲಾರ. ವಲ್ಲಿಯ ಮೇಲಿನ ಕೆಂಪು ಹನಿಗಳನ್ನು ಒಗೆಯಲು ಕೊಟ್ಟಿಲ್ಲ. ಮೊಮ್ಮಗನ ಹೆಂಡತಿ ಭದ್ರಾವತಿಯಲ್ಲಿ ಶಾಲೆಯ ಮೇಡಂ. ನಾನು ಇದನ್ನು ಬರೆಯುವುದನ್ನು ನಾಲ್ಕು ದಿನದಿಂದ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಿನ್ನೆ ಕೆಂಪು ಪೆನ್ನು ಹಿಡಿದು ಬಂದು, “ತಾತ, ಅಲ್ಲಲ್ಲಿ ತಪ್ಪಿದೆ, ತಿದ್ದಿ ಕೊಡ್ಲಾ?” ಎಂದಳು. ಏನು ಕೊಡುತ್ತೀಯ ಎಂದು ನಾನು ಚೌಕಾಸಿ ಮಾಡಲಿಲ್ಲ. ಹಾಳೆಗಳನ್ನೆಲ್ಲ ಅವಳ ಕೈಗೆ ಕೊಟ್ಟೆ.

ರಾಯರ ಮೇಜಿನಿಂದ ಬಂದ ಆ ಕಾಗದವನ್ನು ಮಾತ್ರ ಕೊಟ್ಟಿಲ್ಲ. ಅದರ ಮೂರನೆಯ ಸಾಲಿನಲ್ಲಿ ಒಂದು ಒತ್ತು ಬಿಟ್ಟುಹೋಗಿದೆ. ನನಗೂ ಗೊತ್ತು. ಅದು ಹಾಗೇ ಇರಲಿ.